ಒಂದು ಆವರ್ತ ಮೊದಲೇ

ನೆನೆದ ಚರ್ಮಕ್ಕೆ ಒಂದು ವಾಸನೆಯಿದೆ. ಅದರ ಜೊತೆ ಬಿಸಿ ಅಂಟಿನ ವಾಸನೆ ಸೇರಿದರೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಅದು ಅಪ್ಪನ ವಾಸನೆ. ಅಪ್ಪ ಹರಿದ ವಾದ್ಯಗಳಿಗೆ ಹೊಸ ಚರ್ಮ ಬಿಗಿಯುತ್ತಿದ್ದರು. ಕೆಲಸ ಮುಗಿದ ಮೇಲೆ ಮಗನನ್ನು ಕರೆದು, "ಒಂದೇ ಒಂದು ಏಟು ಹಾಕು ಮಗಾ, ಮೆಲ್ಲಗೆ" ಅನ್ನುತ್ತಿದ್ದರು. ಆ ಒಂದು ಏಟಿಗಾಗಿ ಹುಡುಗ ಅರ್ಧ ದಿನ ಕಾಯುತ್ತಿದ್ದ.

ಕಾಯುವುದೇ ಮುಂದೆ ಅವರ ಕಸುಬಾಯಿತು. ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ತಾಳವಾದ್ಯ ಕಲಿಸಿದರು. ಊರಿನ ದೊಡ್ಡ ವಾದ್ಯವೃಂದದಲ್ಲಿ ಅದಕ್ಕಿಂತ ಹೆಚ್ಚು ಕಾಲ, ಹಿಂದಿನ ಸಾಲಿನಲ್ಲಿ, ನಾಲ್ಕು ತಾಮ್ರದ ನಗಾರಿಗಳ ನಡುವೆ ನಿಂತರು. ಪಿಟೀಲಿನವರು ಸಂಜೆಯಿಡೀ ನುಡಿಸುತ್ತಾರೆ. ನಗಾರಿಯವರಿಗೆ ಹತ್ತು ನಿಮಿಷದ ಕೆಲಸ ಸಿಕ್ಕರೆ ಹೆಚ್ಚು. ಉಳಿದ ಹೊತ್ತೆಲ್ಲ ಆವರ್ತ, ಅಂದರೆ ತಾಳದ ಸುತ್ತು, ಎಣಿಸುತ್ತ ನಿಲ್ಲಬೇಕು. ಎಣಿಕೆ ತಪ್ಪಿದರೆ ಮುಚ್ಚಿಡುವ ಹಾಗಿಲ್ಲ, ನಗಾರಿ ಪಿಸುಗುಟ್ಟುವ ವಾದ್ಯವಲ್ಲವಲ್ಲ! ಮೇಷ್ಟ್ರು ಹೆಬ್ಬೆರಳಿನಿಂದ ಬೆರಳುಗಳ ಗೆಣ್ಣು ಮುಟ್ಟುತ್ತ ಎಣಿಸುತ್ತಿದ್ದರು. ಒಮ್ಮೆಯೂ ತಪ್ಪಿದವರಲ್ಲ.

"ಅಲ್ಲಿ ನೂರರ ತನಕ ಎಣಿಸ್ತಾರಂತೆ. ಇಲ್ಲಿ ಕಣ್ಮುಂದೆ ಹಾಲು ಉಕ್ಕಿದ್ರೂ ಗೊತ್ತಾಗಲ್ಲ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದರು.

ಈ ವರ್ಷ ಅವರು ವೃಂದ ಬಿಡುವವರಿದ್ದರು. ತಮ್ಮ ಜಾಗಕ್ಕೆ ಸೂಚಿಸಿದ್ದು ತಮ್ಮದೇ ವಿದ್ಯಾರ್ಥಿನಿಯನ್ನು. ತೆಳ್ಳಗಿದ್ದಳೆಂದು ವಿಭಾಗದವರಿಗೆಲ್ಲ ಅವಳು 'ಕಡ್ಡಿ'. "ಒಂದು ಕಛೇರಿ ನುಡಿಸಲಿ, ಆಮೇಲೆ ಹೇಳ್ತೀನಿ" ಅಂದರು ವೃಂದದ ನಿರ್ದೇಶಕರು. ಅವರು ಆರಿಸಿದ ಕೃತಿಯ ನಡುವೆ ನಗಾರಿಗೆ ಎಂಬತ್ತನಾಲ್ಕು ಆವರ್ತ ಮೌನ; ಎಂಬತ್ತೈದನೆಯದಕ್ಕೆ ಒಂದೇ ದೊಡ್ಡ ಏಟು.

"ಸಾರ್, ನೀವು ಪಕ್ಕದಲ್ಲೇ ಕೂತಿರಿ," ಎಂದು ಕಡ್ಡಿ ಗೋಗರೆದಳು. "ನಾನೂ ಎಣಿಸ್ತೀನಿ. ಆದ್ರೂ ಹೊಡಿಯೋ ಮುಂಚೆ ನೀವೊಂದ್ಸಲ ತಲೆ ಆಡಿಸಿ."

"ನಿನ್ನ ಲೆಕ್ಕ ಒಂದು ಹೇಳಿ, ನನ್ನ ತಲೆ ಇನ್ನೊಂದು ಹೇಳಿದ್ರೆ?"

"ನಿಮ್ಮ ತಲೇನೇ ನಂಬ್ತೀನಿ ಸಾರ್."

ಮೇಷ್ಟ್ರು ನಕ್ಕರು. ಒಳಗೊಳಗೇ ಹಿಗ್ಗಿದರು ಕೂಡ.

ಕಛೇರಿಯ ಸಂಜೆ ಅವಳ ಪಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತರು. ಎಣಿಕೆ ಶುರುವಾಯಿತು. ಅರವತ್ತು ದಾಟಿರಬೇಕು, ಕೊಳಲು ಒಂದು ಸಣ್ಣ ಎಳೆ ಹಿಡಿಯಿತು, ಅದರಡಿಯಲ್ಲಿ ಮಂದ್ರದ ತಂತಿಗಳು ಉಸಿರಾಡಿದ ಹಾಗೆ ಬಂದವು. ಈ ಕೃತಿಯನ್ನು ಅವರು ಹತ್ತೊಂಬತ್ತು ಸಲ ನುಡಿಸಿದ್ದರು. ಅಷ್ಟು ಸಲವೂ ಈ ಜಾಗ ಬರೀ ಸಂಖ್ಯೆಯಾಗಿ ಕಳೆದುಹೋಗಿತ್ತು. ಇವತ್ತು ಕೈಯಲ್ಲಿ ಕೋಲಿಲ್ಲ, ಹೊಡೆಯುವ ಹೊಣೆಯಿಲ್ಲ. ಇಷ್ಟು ಚೆನ್ನಾಗಿದೆಯಾ ಇದು, ಎಂದುಕೊಂಡು ಸುಮ್ಮನೆ ಕೇಳಿದರು.

ಎಚ್ಚರಾದಾಗ ಹೆಬ್ಬೆರಳು ನಡುಬೆರಳಿನ ಎರಡನೇ ಗೆಣ್ಣಿನ ಮೇಲೆ ನಿಂತಿತ್ತು. ಎಷ್ಟು ಹೊತ್ತಿನಿಂದಲೋ! ಅಂದಾಜಿನ ಮೇಲೆ ತಲೆ ಆಡಿಸಿಬಿಟ್ಟರು. ಕಡ್ಡಿ ಒಂದು ಕ್ಷಣ ಅನುಮಾನದಿಂದ ಅವರನ್ನೇ ನೋಡಿದಳು. ಆಮೇಲೆ ಹೊಡೆದಳು.

ಕೊಳಲು ಮುಗಿಯಲು ಇನ್ನೂ ಒಂದು ಆವರ್ತವಿತ್ತು. ಸಭಿಕರ ಮುಂದಿನ ಸಾಲಿನ ಹೆಂಗಸೊಬ್ಬರು ಬೆಚ್ಚಿ ಎದೆಗೆ ಕೈ ಹಚ್ಚಿಕೊಂಡರು.

ರಂಗದ ಹಿಂದೆ ನಿರ್ದೇಶಕರು ಎಲ್ಲರಿಗೂ ಕೇಳುವ ಹಾಗೆ, "ಈ ಹುಡುಗಿಗೆ ಎಣಿಕೆ ಬರಲ್ಲ ಮೇಷ್ಟ್ರೇ, ಬೇರೆಯವರನ್ನ ನೋಡೋಣ" ಅಂದರು. ಕಡ್ಡಿ ಕೋಲುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ತುಟಿ ಬಿಚ್ಚಲಿಲ್ಲ. ಮೇಷ್ಟ್ರೂ ಬಿಚ್ಚಲಿಲ್ಲ. ಒಮ್ಮೆಯೂ ತಪ್ಪದವರು ಎಂಬ ಹೆಸರು ಮಾತಿಗೆ ಅಡ್ಡ ನಿಂತಿತ್ತು.

"ಲೋಟ ಖಾಲಿಯಾಗಿ ಎಷ್ಟೊತ್ತಾಯ್ತು, ಇನ್ನೂ ಕುಡೀತಾನೇ ಇದ್ದೀರಲ್ಲ," ಎಂದರು ಹೆಂಡತಿ ಮರುದಿನ ಬೆಳಿಗ್ಗೆ. ಮೇಷ್ಟ್ರು ಎಲ್ಲ ಹೇಳಿಕೊಂಡರು. ಆಕೆ ಲೋಟ ತೆಗೆದುಕೊಂಡು, "ನನಗೆ ಹೇಳಿ ಏನು ಬಂತು? ಹೇಳಬೇಕಾದವರಿಗೆ ಹೇಳಿ. ಚಪ್ಪಲಿ ಬಾಗಿಲಲ್ಲೇ ಇದೆ" ಅಂದರು.

ನಿರ್ದೇಶಕರು ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೀವು? ಎಣಿಕೆ ತಪ್ಪಿದ್ರಾ?"

"ಹೌದು. ಅವಳದ್ದು ಸರಿ ಇತ್ತು. ಪಾಪ, ನನ್ನನ್ನ ನಂಬಿದಳು."

"ತಪ್ಪಿದ್ದಾದ್ರೂ ಹೇಗೆ?"

"ಕೊಳಲು ಕೇಳ್ತಾ ಕೂತ್ಬಿಟ್ಟೆ."

ನಿರ್ದೇಶಕರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಕೊನೆಗೆ, "ಶುಕ್ರವಾರ ಇನ್ನೊಂದು ಸಲ ನುಡಿಸಲಿ. ಆದ್ರೆ ನೀವು ಅವಳ ಪಕ್ಕ ಕೂರೋ ಹಾಗಿಲ್ಲ" ಎಂದರು. ಮೇಷ್ಟ್ರು ತಲೆತಗ್ಗಿಸಿ ಒಪ್ಪಿಕೊಂಡರು. ಮಧ್ಯಾಹ್ನದೊಳಗೆ ಸುದ್ದಿ ವಿಭಾಗದ ತುಂಬ ಹರಡಿತ್ತು. ಕಾರಿಡಾರಿನಲ್ಲಿ ಇಬ್ಬರು ಅವರನ್ನು ಕಂಡು ಮಾತು ನಿಲ್ಲಿಸಿದರು.

ಅಭ್ಯಾಸದ ಕೋಣೆಯಲ್ಲಿ ಕಡ್ಡಿ ಒಬ್ಬಳೇ ಇದ್ದಳು. ಮೇಷ್ಟ್ರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂತರು.

"ನೀನ್ಯಾಕೆ ಬಾಯಿ ಬಿಡಲಿಲ್ಲ?"

"ನನ್ನ ಲೆಕ್ಕಾನೇ ತಪ್ಪಿರಬೇಕು ಅಂದ್ಕೊಂಡೆ ಸಾರ್. ರಾತ್ರಿಯೆಲ್ಲ ಹಾಗೇ ಅಂದ್ಕೊಂಡಿದ್ದೆ."

ಈ ಮಾತಿನಷ್ಟು ಬೇರೆ ಯಾವುದೂ ಅವರಿಗೆ ನಾಟಲಿಲ್ಲ. "ನಿನ್ನ ಲೆಕ್ಕ ಎಷ್ಟಿತ್ತು, ನಾನು ತಲೆ ಆಡಿಸಿದಾಗ?"

"ಎಂಬತ್ಮೂರು."

"ಎಂಬತ್ಮೂರೇ ಸರಿ. ಒಂದು ಆವರ್ತ ಮೊದಲೇ ತಲೆ ಆಡಿಸಿದ್ದು ನಾನು. ನಿನ್ನೇನೂ ಸರಿ, ಇವತ್ತೂ ಸರಿ. ಇನ್ಮೇಲೆ ಯಾರ ತಲೇನೂ ನೋಡ್ಬೇಡ, ನಂದಂತೂ ಬೇಡವೇ ಬೇಡ. ಶುಕ್ರವಾರ ನಾನು ಹೊರಗಿರ್ತೀನಿ."

ಮೇಷ್ಟ್ರು ಎದ್ದು ಹೋಗುವುದೋ ಬೇಡವೋ ಎಂದು ಮೊಣಕಾಲು ಸವರಿಕೊಳ್ಳುತ್ತಿದ್ದರು. ಅವಳು ಚೀಲದಿಂದ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚದ ಸಮೇತ ಅವರ ಕೈಗೆ ಕೊಟ್ಟು, ಮತ್ತೆ ನಗಾರಿಯ ಕಡೆ ತಿರುಗಿ ಒಂದರಿಂದ ಎಣಿಸತೊಡಗಿದಳು.