ಮಾತು ಮುಗಿಯುವ ಮೊದಲು

"ಇಲ್ಲೇ," ಅಂದಳು ಅಕ್ಕ, ಚೆಲ್ಲೊದ ತಂತಿಯಿಂದ ಕಮಾನನ್ನು ಎತ್ತಿ, ಅದರ ತುದಿಯನ್ನು ಎದುರಿನ ಹಾಳೆಯ ಮೇಲಿಟ್ಟು. "ಪ್ರತಿಸಲ ಇಲ್ಲೇ ಬಂದು ಎಡವ್ತೀವಿ. ಯಾಕೆ ಹೇಳು?"

ಉಳಿದ ಮೂವರೂ ನುಡಿಸುವುದನ್ನು ನಿಲ್ಲಿಸಿದರು. ಕಿಟಕಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತಿದ್ದ ಹುಡುಗಿ, ಪ್ರಶ್ನೆ ತನಗೇ ಎಂದು ತಿಳಿದು ಎದ್ದು ನಿಂತಳು. ಆ ರಚನೆ ಅವಳದು.

"ಅಲ್ಲಿ ನಿಲ್ಬೇಕು ಅಕ್ಕ. ಚೆಲ್ಲೊ ಒಂದು ಸ್ವರ ಹಿಡಿಯೋಕೆ ಹೋಗುತ್ತೆ, ಆಗಲ್ಲ. ಮತ್ತೆ ಹೋಗುತ್ತೆ, ಆಗಲ್ಲ. ಮಿಕ್ಕ ಮೂರೂ ಅದಕ್ಕೋಸ್ಕರ ಕಾಯ್ತಾ ಇರ್ತವೆ."

"ಎಷ್ಟು ಹೊತ್ತು?"

"ಅದು ಬರೋವರೆಗೂ."

"ಬರೋವರೆಗೂ ಅಂದ್ರೆ, ಬಸ್ಸಾ ಅದು?" ಅಂದ ಮೊದಲ ಪಿಟೀಲಿನವನು. ಲಯ ತಪ್ಪಿದರೆ ಮೈಮೇಲೆ ಇರುವೆ ಹತ್ತಿದವನಂತೆ ಆಡುತ್ತಿದ್ದ ಅವನಿಗೆ ಗುಂಪಿನಲ್ಲಿ ಗಡಿಯಾರ ಎಂದೇ ಹೆಸರು. ಪಕ್ಕದಲ್ಲಿ ಎರಡನೇ ಪಿಟೀಲು ಹಿಡಿದಿದ್ದ ಅವನ ತಂಗಿ ನಕ್ಕಳು. ಹುಡುಗಿಯೂ ನಕ್ಕಳು, ಆದರೆ ಕುರ್ಚಿಯ ಬೆನ್ನನ್ನು ಹಿಡಿದಿದ್ದ ಅವಳ ಕೈ ಸಡಿಲವಾಗಲಿಲ್ಲ.

ಹಳೆಯ ಅಂಚೆ ಕಚೇರಿಯ ಮಹಡಿಯ ಮೇಲಿನ ಆ ಕೋಣೆಯಲ್ಲಿ ಈ ನಾಲ್ವರು ಎಷ್ಟೋ ಕಾಲದಿಂದ ಅಭ್ಯಾಸ ಮಾಡುತ್ತ ಬಂದಿದ್ದರು. ಎರಡು ಪಿಟೀಲು, ಪಿಟೀಲಿಗಿಂತ ಕೊಂಚ ದೊಡ್ಡದಾದ ಒಂದು ವಯೋಲಾ, ಮಂಡಿಗಳ ನಡುವೆ ನಿಲ್ಲಿಸಿ ನುಡಿಸುವ ಒಂದು ಚೆಲ್ಲೊ. ದೊಡ್ಡ ಸಭಾಂಗಣದ ಸಂಗೀತವಲ್ಲ. ಒಂದು ಕೋಣೆ ತುಂಬುವಷ್ಟು ಜನ ಉಸಿರು ಹಿಡಿದು ಕೇಳುವಂಥದ್ದು. ವಯೋಲಾ ನುಡಿಸುತ್ತಿದ್ದವನು ಅಕ್ಕನ ಗಂಡ. ಅವಳು ಎಲ್ಲರಿಗೂ ಅಕ್ಕನಾದ್ದರಿಂದ ಅವನು ಎಲ್ಲರಿಗೂ ಭಾವ. ಪ್ರತಿವರ್ಷ ಹೊಸಬರೊಬ್ಬರ ರಚನೆಯನ್ನು ಆರಿಸಿ, ತಿಂಗಳುಗಟ್ಟಲೆ ಅವರೊಂದಿಗೆ ಕೂತು ತಿದ್ದಿ ತೀಡಿ, ಜನರ ಮುಂದೆ ನುಡಿಸುವ ಪದ್ಧತಿಯನ್ನು ಹಟ ಹಿಡಿದು ಶುರುಮಾಡಿದವಳು ಅಕ್ಕ. "ಸತ್ತವರ ಸಂಗೀತ ನುಡಿಸೋಕೆ ಊರ ತುಂಬ ಜನ ಇದಾರೆ. ಬದುಕಿರೋರದ್ದನ್ನ ಯಾರು ನುಡಿಸ್ತಾರೆ?" ಎಂದು ಅವಳು ಕೇಳುತ್ತಿದ್ದಳು.

ಆ ವರ್ಷ ಬಂದ ರಚನೆಗಳಲ್ಲಿ ಈ ಹುಡುಗಿಯದನ್ನು ಓದುವಾಗ ಅಕ್ಕ ಒಲೆಯ ಮೇಲಿನ ಹಾಲು ಮರೆತಿದ್ದಳು. ಹಾಲು ಉಕ್ಕಿ, ಒಲೆ ಆರಿ, ಭಾವ ಬಂದು ಒರೆಸಿದ ಮೇಲೂ ಅವಳು ಹಾಳೆಯಿಂದ ತಲೆ ಎತ್ತಿರಲಿಲ್ಲ. ಹುಡುಗಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳು. ತಾಯಿ ಇರಲಿಲ್ಲ, ಅಪ್ಪನದು ಹಳೆ ಸೋಫಾ, ಕುರ್ಚಿಗಳಿಗೆ ಕುಶನ್ ಹಾಕಿಕೊಡುವ ಅಂಗಡಿ. ಅವಳ ಸಂಗೀತವನ್ನು ಅಲ್ಲಿಯವರೆಗೆ ಯಾರೂ ನುಡಿಸಿರಲಿಲ್ಲ. ರಚನೆಯ ಮೇಲೆ 'ಮಾತು' ಎಂದು ಬರೆದಿದ್ದಳು.

ಆದರೆ ಕಾಗದದ ಮೇಲೆ ಅಕ್ಕನನ್ನು ಹಿಡಿದು ನಿಲ್ಲಿಸಿದ್ದೇ ಅಭ್ಯಾಸದಲ್ಲಿ ಅವಳಿಗೆ ಮುಳ್ಳಾಯಿತು. ಚೆಲ್ಲೊ ತಡವರಿಸಿ ನಿಲ್ಲುವ ಆ ಜಾಗಗಳು ಒಂದೆರಡಲ್ಲ, ರಚನೆಯುದ್ದಕ್ಕೂ ಇದ್ದವು. ಪ್ರತಿ ನಿಲುಗಡೆಯಲ್ಲೂ ಅಕ್ಕನಿಗೆ ತನ್ನ ಹಳೆಯ ಗೆಳತಿಯೊಬ್ಬಳ ನೆನಪಾಗುತ್ತಿತ್ತು. ಕಲಿಯುವ ದಿನಗಳಲ್ಲಿ ಆ ಗೆಳತಿಯ ರಚನೆಯನ್ನು ನುಡಿಸುವಾಗ ಒಂದು ಉದ್ದದ ಮೌನ ಬಂದಿತ್ತು. ಸಭೆಯಲ್ಲಿ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಗೆಳತಿ ಮತ್ತೆ ಒಂದು ಸ್ವರವನ್ನೂ ಬರೆಯಲಿಲ್ಲ. ಈ ಹುಡುಗಿಗೆ ಹಾಗಾಗಕೂಡದು ಎಂದು ಅಕ್ಕ ನಿರ್ಧರಿಸಿದ್ದಳು.

ಒಂದು ಭಾನುವಾರ ಹುಡುಗಿಯನ್ನು ಮನೆಗೆ ಕರೆದಳು. ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ಪೆನ್ಸಿಲ್ ಹಿಡಿದು ಕೂತಳು.

"ನೋಡಮ್ಮ, ಕೇಳೋರು ಒಂದ್ಸಲ ಕೈಬಿಟ್ಟು ಹೋದ್ರೆ ಮತ್ತೆ ಸಿಗಲ್ಲ. ಇಲ್ಲಿ ಚೆಲ್ಲೊ ತಡವರಿಸೋದು ಬೇಡ, ನೇರವಾಗಿ ಆ ಸ್ವರಕ್ಕೆ ಹೋಗಲಿ. ಇಲ್ಲೂ ಅಷ್ಟೆ. ಆಗ ಎಷ್ಟು ಸರಾಗವಾಗಿ ಹರಿಯುತ್ತೆ ನೋಡು."

"ಅಕ್ಕ, ಇದು ನಮ್ಮಪ್ಪನ..." ಎಂದು ಹುಡುಗಿ ಬಾಯಿ ತೆರೆದಳು.

"ಅಪ್ಪನಿಗೆ ಅರ್ಪಣೆಯಾ? ಧಾರಾಳವಾಗಿ ಹಾಕು. ಆದ್ರೆ ಯಾರಿಗೋಸ್ಕರ ಬರ್ದಿದೀಯ ಅನ್ನೋದು ಕೇಳೋರಿಗೆ ಗೊತ್ತಾಗಲ್ಲ ಕಣೆ. ಅವರಿಗೆ ಕಿವಿಗೆ ಬಿದ್ದಿದ್ದಷ್ಟೇ."

ಹುಡುಗಿ ಮೇಜಿನ ಮೇಲಿದ್ದ ಅಳಿಸುವ ರಬ್ಬರನ್ನು ಬೆರಳಲ್ಲಿ ಹೊರಳಿಸುತ್ತ ಕೂತಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭಾವ, "ನನಗ್ಯಾಕೋ ಅದು ಇದ್ದ ಹಾಗೇ ಇದ್ರೆ ಚೆನ್ನ ಅನ್ಸುತ್ತಪ್ಪ," ಅಂದ.

"ಅಲ್ಲಿ ವಯೋಲಾಕ್ಕೆ ಸುಮ್ನೆ ಕೂರೋ ಕೆಲಸ ಅಲ್ವಾ, ನಿಮಗೆ ಚೆನ್ನಾಗೇ ಇರುತ್ತೆ," ಅಂದಳು ಅಕ್ಕ. ಮೂವರೂ ನಕ್ಕರು. ನಕ್ಕ ಮೇಲೆ ಹುಡುಗಿ ರಬ್ಬರನ್ನು ಮೇಜಿನ ಮೇಲಿಟ್ಟಳು. "ನಿಮಗೆ ಹೆಂಗೆ ಸರಿ ಅನ್ಸುತ್ತೋ ಹಂಗೆ ಅಕ್ಕ," ಅಂದಳು. ಅಕ್ಕ ಆ ಮಾತನ್ನು ಒಪ್ಪಿಗೆ ಎಂದುಕೊಂಡಳು. ಸಂಜೆಯ ಹೊತ್ತಿಗೆ ರಚನೆ ಸರಾಗವಾಗಿತ್ತು. ಹೆಸರೂ 'ಹರಿವು' ಎಂದಾಗಿತ್ತು. ಅದನ್ನು ಸೂಚಿಸಿದವಳೂ ಅಕ್ಕನೇ.

ಸಂಗೀತ ಕಛೇರಿಯ ದಿನ ಕೋಣೆ ತುಂಬಿ, ತಡವಾಗಿ ಬಂದವರು ಗೋಡೆಗೆ ಒರಗಿ ನಿಂತಿದ್ದರು. 'ಹರಿವು' ಶುರುವಾದ ಮೇಲೆ ಒಬ್ಬರೂ ಕೆಮ್ಮಲಿಲ್ಲ. ಗಡಿಯಾರನ ಕಾಲು ಒಂದೇ ಸಮ ತಾಳ ಹಾಕಿತು, ಅಕ್ಕನ ಚೆಲ್ಲೊ ಎಲ್ಲೂ ಎಡವದೆ ಸ್ವರದಿಂದ ಸ್ವರಕ್ಕೆ ಜಾರಿತು. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೊಸಬರ ಸಂಗೀತಕ್ಕೆ ಜನ ಎದ್ದು ನಿಂತದ್ದನ್ನು ಅಕ್ಕ ಅದುವರೆಗೆ ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಹುಡುಗಿಗಾಗಿ ಸಾಲುಗಳಲ್ಲಿ ಹುಡುಕಿದಳು. ಹುಡುಗಿ ಹಿಂದಿನ ಸಾಲಿನಲ್ಲಿ ಕೂತೇ ಇದ್ದಳು. ಗಡಿಯಾರನ ತಂಗಿ ಇಳಿದು ಹೋಗಿ ಕೈ ಹಿಡಿದು ಎಬ್ಬಿಸಿಕೊಂಡು ಬರಬೇಕಾಯಿತು. ವೇದಿಕೆಯ ಮೇಲೆ ತಲೆ ಬಾಗಿಸುವಾಗ ಅವಳ ಮುಖ ಬಿಳಚಿಕೊಂಡಿತ್ತು. ಮೊದಲ ಸಲ ಅಲ್ವಾ, ಅಂದುಕೊಂಡಳು ಅಕ್ಕ.

ಆಮೇಲೆ ಹೊರಗಿನ ಓಣಿಯಂಥ ಜಾಗದಲ್ಲಿ ಜನ ಸುತ್ತುವರಿದಿದ್ದಾಗ, ಹುಡುಗಿ ಒಬ್ಬ ತೆಳ್ಳನೆಯ ಹಿರಿಯರನ್ನು ಕರೆದುಕೊಂಡು ಬಂದಳು. ಇಸ್ತ್ರಿ ಮಾಡಿದ ಅಂಗಿಯ ತೋಳುಗಳಿಗೆ ಮಣಿಕಟ್ಟಿನವರೆಗೂ ಗುಂಡಿ ಹಾಕಿದ್ದರು.

"ನಮ್ಮಪ್ಪ," ಅಂದಳು.

"ಅಯ್ಯೋ, ಬನ್ನಿ ಬನ್ನಿ! ಎಂಥ ಮಗಳನ್ನ ಹೆತ್ತಿದೀರ ನೀವು!" ಅಕ್ಕ ಅವರ ಎರಡೂ ಕೈ ಹಿಡಿದಳು. ಅಂಗೈಗಳು ಒರಟಾಗಿದ್ದವು. "ಹೇಗಿತ್ತು? ಹೇಗನ್ನಿಸ್ತು ನಿಮಗೆ?"

ಅವರು ಬಾಯಿ ತೆರೆದರು. "ಚ... ಚೂ... ಚ..." ಗಂಟಲಿನ ನರ ಉಬ್ಬಿತು. ಕಣ್ಣು ಮುಚ್ಚಿಕೊಂಡು ಮತ್ತೆ ಪ್ರಯತ್ನಿಸಿದರು. "ಚ..."

ಸುತ್ತ ನಿಂತವರು ನೆಲ ನೋಡತೊಡಗಿದರು. ಅಕ್ಕನಿಗೆ ಆ ಹಿಂಸೆಯನ್ನು ನೋಡಲಾಗಲಿಲ್ಲ.

"ಚೆನ್ನಾಗಿತ್ತಾ? ಚೆನ್ನಾಗಿತ್ತು ಅಲ್ವಾ?" ಅಂದಳು.

ಅವರು ಕಣ್ಣು ಬಿಟ್ಟರು. ಒಂದು ಕ್ಷಣ ಅವಳನ್ನೇ ನೋಡಿ, ಹೌದೆಂದು ತಲೆ ಆಡಿಸಿ, ನಕ್ಕರು. ಹುಡುಗಿ ಅಪ್ಪನ ತೋಳು ಹಿಡಿದು, "ಬರ್ತೀವಿ ಅಕ್ಕ," ಎಂದು ಮೆಟ್ಟಿಲಿನ ಕಡೆ ನಡೆದಳು.

ವಾದ್ಯಗಳನ್ನು ಕಾರಿಗೆ ತುಂಬಿದರು. ಮನೆ ಮುಟ್ಟಿದ ಮೇಲೆ ಅಕ್ಕ ಚೆಲ್ಲೊವನ್ನು ಮೂಲೆಯಲ್ಲಿ ನಿಲ್ಲಿಸಿ, ಕೋಟಿನ ಗುಂಡಿಯನ್ನೂ ಬಿಚ್ಚದೆ ಅಲ್ಲೇ ಕೂತಳು.

"ರೀ, ನಿಮಗೆ ಗೊತ್ತಿತ್ತಾ? ಅವರಪ್ಪ ಉಗ್ಗ್ತಾರೆ ಅಂತ?"

"ನನಗೆಲ್ಲಿ ಗೊತ್ತು?" ಅಂದ ಭಾವ. ವಯೋಲಾದ ಪೆಟ್ಟಿಗೆಯನ್ನು ಕೆಳಗಿಟ್ಟು, "ಅವಳು ಹೇಳೋಕೆ ಬಂದಿದ್ಲು ಅನ್ಸುತ್ತೆ," ಅಂದ. ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಅಕ್ಕ ಜಗಳವನ್ನಾದರೂ ಆಡಬಹುದಿತ್ತು.

ಹುಡುಗಿ ಹಾಳೆಗಳನ್ನು ವಾಪಸು ಪಡೆಯಲು ಮುಂದಿನ ವಾರ ಅಂಚೆ ಕಚೇರಿಯ ಮಹಡಿಗೆ ಬಂದಳು. ಅಕ್ಕ ಅವಳಿಗಾಗಿಯೇ ಬೇಗ ಬಂದು ಕಾಯುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ನೀನು?"

"ಹೆಂಗೆ ಹೇಳೋದು ಅಕ್ಕ? ನಮ್ಮಪ್ಪ ಉಗ್ಗ್ತಾರೆ, ಅದನ್ನೇ ಬರ್ದಿದೀನಿ ಅಂತಾನಾ? ಅವರನ್ನ ಎಲ್ಲರ ಮುಂದೆ ಎಳ್ಕೊಂಡ್ ಬಂದು ನಿಲ್ಲಿಸಿದ ಹಾಗಲ್ವಾ ಅದು?" ಹುಡುಗಿ ಕಿಟಕಿಯಾಚೆ ನೋಡುತ್ತ ಹೇಳಿದಳು. "ಚಿಕ್ಕೋಳಿದ್ದಾಗಿಂದ ನೋಡಿದೀನಿ. ಅಪ್ಪ ಒಂದು ಮಾತು ಶುರು ಮಾಡಿದ್ರೆ ಜನಕ್ಕೆ ಕಾಯೋಕಾಗಲ್ಲ. ಅಂಗಡಿಗೆ ಬಂದೋರು, ನೆಂಟರು, ಡಾಕ್ಟ್ರು, ಎಲ್ಲರೂ ಅವರ ಮಾತು ತಾವೇ ಮುಗಿಸಿಬಿಡ್ತಾರೆ. ತಪ್ಪು ಮಾತಾದ್ರೂ ಅಪ್ಪ ಹೂಂ ಅಂತಾರೆ. ಮತ್ತೆ ಶುರು ಮಾಡೋದಕ್ಕಿಂತ ಅದೇ ಸುಲಭ. ನನಗೆ ಒಂದು ಕೋಣೆ ತುಂಬ ಜನ ಒಂದ್ಸಲ ಕಾಯ್ಲಿ ಅಂತ ಆಸೆ ಇತ್ತು. ಅಷ್ಟೇ."

ಅಕ್ಕ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. "ಅವತ್ತು ಅವರು ಹೇಳೋಕೆ ಹೊರಟಿದ್ದು..."

"ಚೆನ್ನಾಗಿತ್ತು ಅಂತ ಅಲ್ಲ. ಮನೆಗೆ ಬಂದಮೇಲೆ ಹೇಳಿದ್ರು. ಚೂರು ಅವಸರ ಆಯ್ತು, ಅಂತ."

ಅಕ್ಕ ತಡಮಾಡಲಿಲ್ಲ. ಮೊದಲಿನ ರಚನೆಯನ್ನೇ ಮತ್ತೆ ನುಡಿಸೋಣ, ಅದಕ್ಕೆಂದೇ ಇನ್ನೊಂದು ಕಛೇರಿ ಇಡೋಣ, ಅಪ್ಪನನ್ನು ಮುಂದಿನ ಸಾಲಿನಲ್ಲೇ ಕೂರಿಸೋಣ ಎಂದಳು. ಗಡಿಯಾರ ಗೊಣಗದೆ ಒಪ್ಪಿದ. ಅಳಿಸಿದ್ದನ್ನೆಲ್ಲ ಭಾವ ಕೂತು ಹೊಸ ಹಾಳೆಯಲ್ಲಿ ಬರೆದುಕೊಂಡ. ಮುಂದಿನ ಅಭ್ಯಾಸದಲ್ಲಿ ನಾಲ್ವರೂ ನುಡಿಸಿದರು, ಹುಡುಗಿ ಅದೇ ಕಿಟಕಿಯ ಪಕ್ಕ ಕೂತು ಕೇಳಿದಳು. ಆದರೆ ಚೆಲ್ಲೊ ತಡವರಿಸಬೇಕಾದ ಜಾಗದಲ್ಲಿ ಅಕ್ಕನ ಬೆರಳು ನೇರವಾಗಿ ಸ್ವರದ ಮೇಲೆ ಹೋಗಿ ಕೂತಿತು. ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಅಕ್ಕ ಬೇಕೆಂದೇ ತಡವರಿಸಿದಳು, ಅದು ಅಣಕಿಸಿದ ಹಾಗೆ ಕೇಳಿಸಿತು. ಎಲ್ಲರಿಗೂ ಹಾಗೆಯೇ ಕೇಳಿಸಿತೆಂದು ಯಾರೂ ಮುಖ ಎತ್ತದಿದ್ದುದರಿಂದ ಅವಳಿಗೆ ತಿಳಿಯಿತು.

"ಸಾಕು ಅಕ್ಕ," ಅಂದಳು ಹುಡುಗಿ.

"ಇನ್ನೊಂದು ಸ್ವಲ್ಪ ದಿನ ಕೊಡು ನನಗೆ. ಬರುತ್ತೆ."

"ನಿಮ್ಮ ತಪ್ಪಲ್ಲ. ನನಗೇ ಈಗ ಹಳೇದು ಕೇಳಿಸ್ತಾ ಇಲ್ಲ. ಕಣ್ಣು ಮುಚ್ಚಿದ್ರೆ 'ಹರಿವು'ನೇ ಬರುತ್ತೆ." ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. "ಹೇಳೋದು ಮರೆತೆ. ರಾಜಧಾನಿಯ ಒಂದು ಗುಂಪಿನೋರು ಅದನ್ನ ನುಡಿಸ್ತಾರಂತೆ. ಅದೇ ಥರದ್ದು ಇನ್ನೊಂದು ಬರ್ಕೊಡಿ ಅಂತ ಕೇಳಿದಾರೆ."

"ಬರೀತೀಯಾ?"

"ಬರೀದೆ? ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ ಅಕ್ಕ. ಎಲ್ಲಾ ನಿಮ್ಮಿಂದಾನೇ." ಅವಳು ಅದನ್ನು ಮನಸ್ಸಿಟ್ಟೇ ಹೇಳಿದಳು. ಬಾಗಿ ಅಕ್ಕನ ಕೈಯನ್ನು ಒತ್ತಿ ಹಿಡಿದು ಹೊರಟುಹೋದಳು.

ಭಾವ ಬೇಡವೆಂದರೂ ಕೇಳದೆ, ಅಕ್ಕ ಒಂದು ಮಧ್ಯಾಹ್ನ ಕುಶನ್ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಬೀಗ ರಿಪೇರಿಯವನ ಅಂಗಡಿಗೂ ಒಂದು ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆ. ಗೋಡೆಗೆ ಬಟ್ಟೆಯ ಸುರುಳಿಗಳನ್ನು ಒರಗಿಸಿದ್ದರು. ಹುಡುಗಿಯ ಅಪ್ಪ ಒಂದು ಕುರ್ಚಿಯನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು, ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಹಿಡಿದು, ಒಂದೊಂದನ್ನೇ ತೆಗೆದು ಬಟ್ಟೆಯ ಅಂಚಿಗೆ ಹೊಡೆಯುತ್ತಿದ್ದರು. ಬಾಯಲ್ಲಿ ಮೊಳೆ ಇದ್ದವರನ್ನು ಯಾರೂ ಮಾತಾಡಿಸುವುದಿಲ್ಲ.

ಅವಳನ್ನು ಕಂಡು ಎದ್ದು, ಒಂದು ಸ್ಟೂಲಿನ ಮೇಲಿದ್ದ ಹತ್ತಿಯ ಧೂಳನ್ನು ಅಂಗಿಯ ತೋಳಿನಿಂದಲೇ ಒರೆಸಿ ಮುಂದಕ್ಕೆ ಸರಿಸಿದರು. ಅಕ್ಕ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದಳು. ತನ್ನಿಂದ ತಪ್ಪಾಯಿತು. ಮಗಳು ಬರೆದದ್ದು ತನಗೆ ಅರ್ಥವಾಗಲಿಲ್ಲ. ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಅವರು ತಲೆ ಬಗ್ಗಿಸಿ, ಸುತ್ತಿಗೆಯ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಅವಳು ಮುಗಿಸುವವರೆಗೂ ಕೇಳಿಸಿಕೊಂಡರು. ಆಮೇಲೆ ತುಟಿಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡರು.

"ನೀ..." ಅಂದರು. "ನೀ... ನೀ..."

"ಅಯ್ಯೋ, ನೀರೇನೂ ಬೇಡ, ಇರಲಿ," ಅಂದಳು ಅಕ್ಕ.

ಮಾತು ಆಗಲೇ ಬಾಯಿಂದ ಹೊರಗೆ ಬಿದ್ದಿತ್ತು.

ಅವರು ಅವಳನ್ನು ನೋಡಿದರು. ಸಿಟ್ಟೇನೂ ಬರಲಿಲ್ಲ. ಆಗಲಿ ಎಂಬಂತೆ ತಲೆ ಆಡಿಸಿ, ಸಣ್ಣಗೆ ನಕ್ಕು, ಮೊಳೆಗಳನ್ನು ಮತ್ತೆ ತುಟಿಗಳ ನಡುವೆ ಇಟ್ಟುಕೊಂಡು ಮಂಡಿಯೂರಿದರು. ಹೊಸ ಬಟ್ಟೆಯನ್ನು ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು, ಸುಕ್ಕು ಹೋಗುವಂತೆ ಅಂಗೈಯಿಂದ ಒಮ್ಮೆ ಸವರಿ, ಒಂದು ಮೊಳೆ ಹೊಡೆದರು. ಅಕ್ಕ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೇ ಇದ್ದಳು. ಹೊರಗೆ ಔಷಧಿ ಅಂಗಡಿಯ ಮುಂದೆ ಯಾರೋ ಸೈಕಲ್ಲಿನ ಸ್ಟ್ಯಾಂಡ್ ಹಾಕಿದರು. ಅವರು ಇನ್ನೊಂದು ಮೊಳೆ ತೆಗೆದು, ಎಲ್ಲಿ ಹೊಡೆಯಬೇಕೆಂದು ಬೆರಳಿನಿಂದ ಅಂಚನ್ನು ತಡವಿ ನೋಡುತ್ತಿದ್ದರು.