ಮ್ಯಾಟ್ರಿಕ್ಸ್ ಇಲ್ಲ ಅಂತೈತೆ

ನಾಲ್ಕು ಗಂಟೆಗೆ ಜೀಪು ಬೆಂಗಳೂರಿಗೆ ಹೊರಡುತ್ತದೆ. ಅಷ್ಟರೊಳಗೆ ಮರಿಗಳ ತೂಕದ ಲೆಕ್ಕ ಒಂದು ಹಾಳೆಯಲ್ಲಿ ಬಂದು ಯೋಜನೆಯ ಅಧಿಕಾರಿ ಲಕ್ಷ್ಮೀಕಾಂತ್ ಸಾಹೇಬರ ಫೈಲು ಸೇರಬೇಕು. ಸೇರದಿದ್ದರೆ ಹಿರಿಯೂರಿನ ಕುರಿ ಯೋಜನೆ ಈ ತಿಂಗಳಿಗೇ ಬಂದ್, ಅದರ ಜೊತೆ ರಂಜಿತಾಳ ಕೆಲಸವೂ ಬಂದ್. ೨೦೦೭ರ ಮಾತಿದು. ಕುರಿ ಕಾಯುವವರ ಮನೆಯ ಹುಡುಗಿ, ಡಿಗ್ರಿ ಮುಗಿಸಿ, ಯಲ್ಲದಕೆರೆಯ ಹನ್ನೊಂದು ಮಂದೆಗಳಲ್ಲಿ ಒದೆಯುವ ಮರಿಗಳನ್ನು ತಕ್ಕಡಿಗೆ ಎತ್ತಿ ಎತ್ತಿ ಆರು ತಿಂಗಳು ಸೊಂಟ ಮುರಿದುಕೊಂಡಿದ್ದಳು.

ಲೆಕ್ಕ ಮಾಡುವುದು ಆರ್ ಅನ್ನುವ ಪ್ರೋಗ್ರಾಂ. ಪುಕ್ಕಟೆ ಸಿಗುತ್ತದೆ. ಆದರೆ ಮಂದೆ ಮಂದೆಯ ವ್ಯತ್ಯಾಸ ಬಿಡಿಸಿ ನೋಡಬೇಕೆಂದರೆ ಪ್ಯಾಕೇಜು ಅನ್ನುವ ಸಣ್ಣ ಜೋಡು ಪ್ರೋಗ್ರಾಂ ಬೇರೆ ತಂದು ಹಾಕಬೇಕು. ಆ ಪ್ಯಾಕೇಜಿಗೆ ಇನ್ನೊಂದು ಪ್ಯಾಕೇಜಿನ ಆಸರೆ ಬೇಕು. ಆಫೀಸಿನಲ್ಲೋ ಇಂಟರ್ನೆಟ್ಟೇ ಇಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಮಂಜಣ್ಣನ ಸೈಬರ್‌ನಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರಬೇಕು. ಧಾರವಾಡದಲ್ಲಿ ಈ ಲೆಕ್ಕ ಬಲ್ಲ ಯಶೋಧಾ ಮೇಡಂ ಫೋನಿನಲ್ಲಿ ಹೇಳಿದ ಹೆಸರುಗಳನ್ನು ರಂಜಿತಾ ಚೀಟಿಯಲ್ಲಿ ಗೀಚಿಕೊಂಡಿದ್ದಳು.

ತಂದಳು, ಹಾಕಿದಳು, ಚೀಟಿಯ ಮೊದಲ ಹೆಸರು ‘ಮ್ಯಾಟ್ರಿಕ್ಸ್’ ಅನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಆ ಹೆಸರಿನ ಪ್ಯಾಕೇಜೇ ಇಲ್ಲ ಅಂದುಬಿಟ್ಟಿತು ಕಂಪ್ಯೂಟರು. ಫೈಲು ಅರ್ಧಂಬರ್ಧ ಇಳಿದಿರಬೇಕೆಂದು ಸೈಕಲ್ ತುಳಿದುಕೊಂಡು ಹೋಗಿ ಮತ್ತೆ ತಂದಳು. ಮತ್ತೆ ಇಲ್ಲ. ಮೂರನೇ ಸಲ ಸೈಬರ್ ಮೆಟ್ಟಿಲು ಹತ್ತುವಾಗ ಗಂಟೆ ಮೂರೂಕಾಲು.

“ಏನವ್ವ, ಹರಕೆ ಹೊತ್ಕಂಡೋಳಂಗೆ ನಮ್ಮಂಗ್ಡಿ ಸುತ್ತಾಕ್ತಿದೀಯ?” ಅಂದ ಮಂಜಣ್ಣ.

“ನಿನ್ ಲೈನೇ ಸರಿಯಿಲ್ಲ ಕಣಣ್ಣ! ಮ್ಯಾಟ್ರಿಕ್ಸ್ ಇಲ್ಲ ಅಂತೈತೆ. ನನ್ ಬದುಕೇ ಹೋಗ್ತೈತೆ ಇಲ್ಲಿ!”

“ನನ್ ಲೈನಿಗೇನು ಬಂದೈತೆ ರೋಗ? ತತ್ತ ಚೀಟಿ.”

ದಿನಾ ಜನರ ಅರ್ಜಿ, ಇಮೇಲು ಟೈಪ್ ಮಾಡಿ, ಒಂದಕ್ಷರ ತಪ್ಪಿದ್ದಕ್ಕೂ ಬೈಸಿಕೊಂಡವನು ಅವನು. ಚೀಟಿ ನೋಡಿ ಹಣೆ ಚಚ್ಚಿಕೊಂಡ.

“ಎಲ್ಲಾ ಕನ್ನಡದಾಗೆ ಬರ್ಕಂಡಿದೀಯಲ್ಲೇ! ಎಮ್ಮು ಯಾವ್ದು ಹೊಡ್ದೆ, ದೊಡ್ದಾ ಸಣ್ದಾ?”

“ಸಣ್ದು. ಯಾಕೆ?”

ಅವನು ಪರದೆಗೆ ಬೆರಳಿಟ್ಟ. ಅಲ್ಲಿ ಮ್ಯಾಟ್ರಿಕ್ಸಿನ ಎಮ್ಮು ದೊಡ್ಡದು. ಆರ್ ಪ್ರೋಗ್ರಾಮಿಗೆ ದೊಡ್ಡಕ್ಷರವೇ ಬೇರೆ, ಸಣ್ಣಕ್ಷರವೇ ಬೇರೆ. ಕನ್ನಡದಲ್ಲಿ ಬರೆದುಕೊಂಡ ‘ಮ’ಕ್ಕೆ ದೊಡ್ಡದೆಲ್ಲಿ, ಚಿಕ್ಕದೆಲ್ಲಿ? ಬೆಳಗ್ಗೆಯಿಂದ ಕಂಪ್ಯೂಟರಿನ ಹೊಟ್ಟೆಯಲ್ಲೇ ಕೂತಿದ್ದ ಪ್ಯಾಕೇಜಿಗಾಗಿ ಅವಳು ಊರೆಲ್ಲ ಅಲೆದಿದ್ದಳು.

ಆಫೀಸಿಗೆ ಬಂದು ದೊಡ್ಡ ಎಮ್ಮು ಒತ್ತಿದಳು. ತಕರಾರಿಲ್ಲ. ಇನ್ನೊಂದು ಪ್ಯಾಕೇಜೂ ತೆರೆಯಿತು. ಲೆಕ್ಕದ ಸಾಲುಗಳನ್ನು ತಪ್ಪುತಪ್ಪಾಗಿ ಹೊಡೆದು, ಅಳಿಸಿ, ಮತ್ತೆ ಹೊಡೆದಳು. ಅಂಕಿಗಳು ಬಿದ್ದಾಗ ಹೊರಗೆ ಜೀಪು ಸ್ಟಾರ್ಟ್ ಆಗಿತ್ತು.

“ಸಾರ್! ನಿಂತ್ಕಳ್ರಿ ಸಾರ್!” ಕಿಟಕಿಯಿಂದಲೇ ಕಿರುಚಿದಳು.

“ಬಾಯ್ ಮಾತಿಗೆ ನಿಂತ್ಕಳಕೆ ಆಗಲ್ಲಮ್ಮ. ಹಾಳೆ ಎಲ್ಲೈತೆ?” ಅಂದರು ಜೀಪಿನೊಳಗಿದ್ದ ಲಕ್ಷ್ಮೀಕಾಂತ್.

ರಿಬ್ಬನ್ನಿನ ಹಳೇ ಪ್ರಿಂಟರು ಕರಕರ ಅನ್ನುತ್ತ ಒಂದೊಂದೇ ಸಾಲು ಕಕ್ಕುತ್ತಿತ್ತು. ಕೊನೇ ಸಾಲು ಬೀಳುವುದಕ್ಕೂ ಜೀಪು ಗೇಟಿನತ್ತ ತಿರುಗುವುದಕ್ಕೂ ಸರಿಹೋಯಿತು. ಹಾಳೆ ಹರಿದುಕೊಂಡು ಓಡಿ ಬಾನೆಟ್ಟಿಗೆ ಅಡ್ಡ ನಿಂತಳು.

ಲಕ್ಷ್ಮೀಕಾಂತ್ ಹಾಳೆಯನ್ನು ಬಿಸಿಲಿಗೆ ಹಿಡಿದರು. “ರಿಬ್ಬನ್ನಿನಾಗೆ ಮಸೀನೇ ಇಲ್ಲವಲ್ಲಮ್ಮ.”

“ಅಂಕಿ ಕಾಣ್ತಾವೆ ಸಾರ್. ತಗಂಡ್ ಹೋಗ್ರಿ, ಕೈ ಮುಗೀತೀನಿ.”

ಅವರು ಮತ್ತೊಂದು ಸಲ ಕಣ್ಣು ಕಿರಿದು ಮಾಡಿ ನೋಡಿದರು. ಹಾಳೆ ಫೈಲಿನೊಳಗೆ ಹೋಯಿತು, ಜೀಪು ಗೇಟು ದಾಟಿತು. ರಂಜಿತಾಳಿಗೆ ಖುಷಿ ಗಿಷಿ ಏನೂ ಆಗಲಿಲ್ಲ. ಅಲ್ಲೇ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತಳು.