ವಾಕರಿಕೆ ಯಾರದು

ಐವತ್ತೊಂದು ವರ್ಷದ ಹೆಂಗಸು ಬೆಳಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿ ನಿಂತು ಓಕರಿಸುವುದು ಯಾರಿಗೂ ಬೇಡದ ಅವಸ್ಥೆ. ಅದರಲ್ಲೂ ಆ ಬಚ್ಚಲಿನ ಗೋಡೆಯಾಚೆಗೆ ರಾಧಮ್ಮನ ಹಿತ್ತಲಿದ್ದರೆ ಮುಗಿದೇ ಹೋಯಿತು. ನರಸಿಂಹರಾಜಪುರದ ಆ ಕೇರಿಯಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕ ಇಡುವವಳು ಅವಳು.

ಶಂಕರಮ್ಮನಿಗೆ ಈ ವಾಕರಿಕೆ ಗಂಟು ಬಿದ್ದದ್ದು ಮಾತ್ರೆಯಿಂದ. ಮುಟ್ಟು ನಿಂತ ಮೇಲೆ ಎರಡು ವರ್ಷ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಕೂತಲ್ಲಿ ಕೂತಂತೆ ಒಳಗಿನಿಂದ ಉರಿ ಎದ್ದು ಕುತ್ತಿಗೆಗೆ ಬರುತ್ತಿತ್ತು, ರವಿಕೆ ಒದ್ದೆಯಾಗುತ್ತಿತ್ತು, ಮರುಗಳಿಗೆ ಚಳಿ. ನಿದ್ದೆ ಎಂಬುದು ಮರೆತೇ ಹೋಗಿತ್ತು. ರೊಟ್ಟಿ ದಪ್ಪವಾಯಿತು ಎಂದ ತಪ್ಪಿಗೆ ಗಂಡ ವೃಷಭೇಂದ್ರಪ್ಪನ ಮುಂದಿನ ತಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಕೂತು ತಾನೇ ಅತ್ತಿದ್ದಳು. ಕೊನೆಗೆ ತಂಗಿಯ ಮನೆಗೆ ಹೋಗುವ ನೆಪ ಹೇಳಿ ಕೊಪ್ಪದ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಡಾಕ್ಟರು ರಕ್ತ, ಸ್ಕ್ಯಾನು, ಎದೆಯ ಪರೀಕ್ಷೆ ಎಲ್ಲ ಮಾಡಿಸಿ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ತಿಂಡಿ ಜೊತೆಗೆ ಎಂದರು.

ತಿಂಡಿ ಜೊತೆಗೆ ತೆಗೆದುಕೊಳ್ಳಲು ಎಲ್ಲರೆದುರು ತೆಗೆದುಕೊಳ್ಳಬೇಕಲ್ಲ! ಈ ವಯಸ್ಸಿನಲ್ಲಿ ಪ್ರಾಯ ಬರಿಸಿಕೊಳ್ಳಲು ಹೊರಟಳು ಎಂದು ಗಂಡ ನಕ್ಕರೆ? ಮನೆಯಲ್ಲಿ ಸೊಸೆ ದೀಕ್ಷಾ ನಾಲ್ಕು ವರ್ಷದಿಂದ ಮಗುವಿಗಾಗಿ ಶಿವಮೊಗ್ಗಕ್ಕೆ ಅಲೆದು ಮಾತ್ರೆ ನುಂಗುತ್ತಿರುವಾಗ ಅತ್ತೆಗೂ ಅಂಥದ್ದೇ ಮಾತ್ರೆಯೇ? ಶಂಕರಮ್ಮ ಮಾತ್ರೆಯ ಹಾಳೆಯನ್ನು ಪೂಜೆಕೋಣೆಯ ವಿಭೂತಿ ಡಬ್ಬಿಯಲ್ಲಿ ಅಡಗಿಸಿಟ್ಟಳು.

ಆ ಮನೆಯಲ್ಲಿ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮಾಡದೆ ಯಾರೂ ಒಂದು ಗುಟುಕು ಕಾಫಿಯನ್ನೂ ಕುಡಿಯುವುದಿಲ್ಲ. ಶಂಕರಮ್ಮನ ಪೂಜೆ ಆರು ಗಂಟೆಗೆ ಮುಗಿಯುತ್ತಿತ್ತು. ಲಿಂಗಕ್ಕೆರೆದ ಪಾದೋದಕದ ಜೊತೆಯಲ್ಲೇ ಮಾತ್ರೆಯನ್ನು ನುಂಗಿಬಿಡುತ್ತಿದ್ದಳು. ದೇವರ ನೀರಿನೊಂದಿಗೆ ಒಳಗೆ ಹೋದದ್ದು ಕೆಡುಕು ಮಾಡುವುದಿಲ್ಲ ಎಂಬ ಧೈರ್ಯ. ಆಮೇಲೆ ಗಂಡನ ಪೂಜೆ, ಅವನ ತಿಂಡಿ, ಅವನು ಪೈಪು, ನಲ್ಲಿಗಳನ್ನು ಮಾರುವ ಅಂಗಡಿಗೆ ಹೊರಡುವುದು. ಇವಳ ಬಾಯಿಗೆ ತುತ್ತು ಬೀಳುವಷ್ಟರಲ್ಲಿ ಒಂಬತ್ತು. ಅಷ್ಟರೊಳಗೆ ಖಾಲಿ ಹೊಟ್ಟೆ ತೊಳಸಿ, ಬಚ್ಚಲಿಗೆ ಓಡಿ ಆಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬರಿಸಿ ಸೀರೆಯ ಗಂಟು ಸಡಿಲಿಸಬೇಕು. ಶುಂಠಿ ಕಷಾಯ ಕುಡಿದಳು, ಜೀರಿಗೆ ಅಗಿದಳು. ಕೇಳಿದವರಿಗೆ ಗ್ಯಾಸ್ಟ್ರಿಕ್ ಎಂದಳು. ಒಮ್ಮೆ ಬೇಸತ್ತು ಒಂದು ವಾರ ಮಾತ್ರೆ ಬಿಟ್ಟಳು. ಉರಿ ಮತ್ತೆ ಬಂತು. ಆಗಷ್ಟೇ ಮರಳಿ ಸಿಕ್ಕಿದ್ದ ನಿದ್ದೆ ಹೋಯಿತು. ವಾಂತಿಯೇ ವಾಸಿ ಎಂದುಕೊಂಡು ಮತ್ತೆ ಶುರುಮಾಡಿದಳು.

ಹೀಗಿರುವಾಗ ಒಂದು ದಿನ ರಾಧಮ್ಮ ಬಾಟಲಿ ತುಂಬ ಮಾವಿನಮಿಡಿ ಉಪ್ಪಿನಕಾಯಿ ಹಿಡಿದು ಬಂದಳು. ಅಕ್ಕಿ ಆರಿಸುತ್ತ ಕೂತಿದ್ದ ದೀಕ್ಷಾಳ ಮುಂದೆ ಅದನ್ನಿಟ್ಟು, ಶಂಕರಮ್ಮನ ಕಡೆ ಕಣ್ಣು ಮಿಟುಕಿಸಿದಳು.

"ಬಾಯಿ ಕೆಟ್ಟಿರ್ತದೆ ಅಂತ ತಂದೆ. ಬೆಳಿಗ್ಗೆ ಬೆಳಿಗ್ಗೆ ಕೇಳ್ತಾ ಇದೀನಲ್ಲ ಮಾರಾಯ್ತಿ, ನಂಗೆ ಗೊತ್ತಾಗಲ್ವಾ? ಎಷ್ಟು ತಿಂಗಳು ಸೊಸೆಗೆ?"

ದೀಕ್ಷಾಳ ಕೈ ಮೊರದ ಮೇಲೆ ನಿಂತಿತು. ಅವಳು ಅತ್ತೆಯ ಮುಖ ನೋಡಿದಳು.

ಅವಳಲ್ಲ, ನಾನು ಎಂದರೆ ಮುಗಿಯುತ್ತಿತ್ತು. ಆದರೆ ರಾಧಮ್ಮ ಅಲ್ಲಿಗೆ ಬಿಡುವವಳೇ? ತಿಂಗಳಿಡೀ ವಾಂತಿಯೇ, ಯಾವ ಡಾಕ್ಟರು, ಎಂತ ಮಾತ್ರೆ ಎಂದು ಬೇರುಸಮೇತ ಕಿತ್ತು ತೆಗೆದು ಸಂಜೆಯೊಳಗೆ ಕೇರಿಗೆಲ್ಲ ಹಂಚುತ್ತಿದ್ದಳು. ಶಂಕರಮ್ಮನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಅಷ್ಟು ಬೇಗ ಎಂತ ಹೇಳೋಕಾಗ್ತದೆ ರಾಧಮ್ಮ."

ಆಡಿದ ಕ್ಷಣವೇ ನಾಲಿಗೆ ಕಚ್ಚಿಕೊಂಡಳು. ದೀಕ್ಷಾ ಬಾಟಲಿ ಎತ್ತಿಕೊಂಡು ಒಳಗೆ ಹೋದಳು.

ಸುದ್ದಿ ಬಾಳೆಹೊನ್ನೂರಿನವರೆಗೆ ಮುಟ್ಟಲು ಮೂರೇ ದಿನ ಸಾಕಾಯಿತು. ದೀಕ್ಷಾಳ ತಾಯಿ ಅಲ್ಲಿಂದ ಫೋನು ಮಾಡಿ ಖುಷಿಗೆ ಅತ್ತೇಬಿಟ್ಟರು. "ಇಲ್ಲಮ್ಮ, ಅದು ಬರೀ ಮಾತು" ಎಂದು ದೀಕ್ಷಾ ಜಗುಲಿಯಲ್ಲಿ ನಿಂತು ನಾಲ್ಕು ಸಲ ಹೇಳಿದ್ದು ಶಂಕರಮ್ಮನಿಗೆ ಕೇಳಿಸಿತು. ಕಡೂರಿನಲ್ಲಿ ಕೆಲಸದಲ್ಲಿದ್ದ ಮಗ ರೇಣುಕಾಪ್ರಸಾದ ಶನಿವಾರ ಬಂದವನು ಹೆಂಡತಿಯ ಮುಖ ನೋಡಿ, ಅವಳು ತಲೆ ಅಲ್ಲಾಡಿಸಿದ್ದನ್ನೂ ನೋಡಿ, ಊಟ ಬೇಡವೆಂದು ಮಲಗಿಬಿಟ್ಟ. ಶಂಕರಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಭಾನುವಾರ ಮಗ ಹೊರಟುಹೋದ ಮೇಲೆ ದೀಕ್ಷಾ ಮಾತ್ರೆಯ ಹಾಳೆಯನ್ನು ಅತ್ತೆಯ ಮುಂದೆ ಇಟ್ಟಳು.

"ಡಬ್ಬಿ ಒರೆಸುವಾಗ ಸಿಕ್ತು. ನಂಗೂ ಶಿವಮೊಗ್ಗದಲ್ಲಿ ಇಂಥದ್ದೇ ಕೊಟ್ಟಿದ್ರು ಅತ್ತೆ. ಖಾಲಿ ಹೊಟ್ಟೇಲಿ ನುಂಗಿದ್ರೆ ನಂಗೂ ಹಿಂಗೇ ಆಗ್ತಿತ್ತು. ಒಂದು ಮಾತು ನನ್ನ ಕೇಳ್ಬಾರ್ದಿತ್ತಾ?"

ಬೈದಿದ್ದರೆ ಶಂಕರಮ್ಮನಿಗೆ ಹಗುರವಾಗುತ್ತಿತ್ತು. ದೀಕ್ಷಾ ಬೈಯಲಿಲ್ಲ. ಮರುದಿನ ಬಸ್ಸು ಹತ್ತಿಸಿ ಕೊಪ್ಪಕ್ಕೆ ಕರೆದುಕೊಂಡು ಹೋದಳು. ತಿಂಡಿ ಜೊತೆಗೆ ಅಂತ ಹೇಳಿರಲಿಲ್ಲವೇ ಎಂದು ಡಾಕ್ಟರು ಗದರಿದರು. ಹೊಟ್ಟೆಗೆ ಅಷ್ಟು ತೊಂದರೆಯಾದರೆ ಮೊದಲೇ ಬರಬೇಕಿತ್ತು, ಇದಕ್ಕೆ ಬೇರೆ ದಾರಿಗಳಿವೆ ಎಂದರು. ತೋಳಿಗೆ ಹಚ್ಚಿಕೊಳ್ಳುವ ಜೆಲ್ ಬರೆದರು. ಇನ್ನೊಂದು ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಲು ಹೇಳಿದರು. ಉಪ್ಪು ಕಡಿಮೆ, ಒಮ್ಮೆಗೇ ಹೊಟ್ಟೆ ತುಂಬ ಉಣ್ಣುವುದು ಬೇಡ. ಬರುವಾಗ ಬಸ್ಸಿನಲ್ಲಿ, ರಾಧಮ್ಮನಿಗೆ ಇವತ್ತೇ ಎಲ್ಲ ಹೇಳುತ್ತೇನೆ ಎನ್ನಬೇಕೆಂದು ಶಂಕರಮ್ಮನಿಗೆ ಎರಡು ಸಲ ಬಾಯಿಗೆ ಬಂತು. ದೀಕ್ಷಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾಳೆ ನೋಡಿದರಾಯಿತು ಎಂದು ಶಂಕರಮ್ಮ ಅಂದುಕೊಂಡಳು.

ಅಂಥ ಹತ್ತು ನಾಳೆಗಳು ಕಳೆದವು. ವಾಂತಿ ನಿಂತಿತು, ಉಬ್ಬರ ಇಳಿಯಿತು, ನಿದ್ದೆಯೂ ಉಳಿಯಿತು. ಬಚ್ಚಲಲ್ಲಿ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಸದ್ದಿಲ್ಲದ್ದೂ ರಾಧಮ್ಮನಿಗೆ ಕೇಳಿಸಿತು. ಈ ಸಲ ಬರಿಗೈಯಲ್ಲಿ ಬಂದಳು. ಬಂದವಳೇ ದೀಕ್ಷಾಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

"ಒಂದು ವಾರದಿಂದ ಸದ್ದೇ ಇಲ್ಲ, ನಂಗೆ ಆಗ್ಲೇ ಎದೆ ಧಸಕ್ಕಂತು. ಇಬ್ರೂ ಕೊಪ್ಪದ ಬಸ್ ಹತ್ತಿದ್ದು ನೋಡಿದವರೂ ಹೇಳಿದ್ರು. ಹೋಯ್ತಾ ಮಗಾ? ಅಳ್ಬೇಡ. ದೇವ್ರು ಇನ್ನೊಂದು ಕೊಡ್ತಾನೆ."

ಶಂಕರಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಹೋಗೋಕೆ ಎಂತದೂ ಇರ್ಲಿಲ್ಲ ರಾಧಮ್ಮ! ವಾಂತಿ ಮಾಡ್ತಾ ಇದ್ದವಳು ನಾನು. ಮುಟ್ಟು ನಿಂತಮೇಲೆ ಮೈ ಉರಿ ತಡೆಯಕ್ಕಾಗ್ದೆ ಹಾರ್ಮೋನ್ ಮಾತ್ರೆ ತಗೊಳ್ತಿದ್ದೆ. ಹೇಳೋಕೆ ನಾಚಿಕೆಯಾಗಿ ಇವಳ ತಲೆಗೆ ಕಟ್ಟಿದೆ. ಬೇಕಾದ್ರೆ ಡಾಕ್ಟ್ರ ಚೀಟಿ ತೋರಿಸ್ತೀನಿ" ಎಂದು ಒಂದೇ ಉಸಿರಿಗೆ ಹೇಳಿದಳು.

ರಾಧಮ್ಮ ಅವಳನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒರೆಸಿಕೊಂಡು ಎದ್ದಳು.

"ನಿನ್ನಂಥ ಅತ್ತೆ ಯಾರಿಗೆ ಸಿಗ್ತಾರೆ ಮಾರಾಯ್ತಿ. ಸೊಸೆ ಮರ್ಯಾದೆ ಉಳ್ಸೋಕೆ ಇಂಥ ಮಾತನ್ನೂ ಮೈಮೇಲೆ ಎಳ್ಕೊಳ್ತೀಯಲ್ಲ. ಹೆದರಬೇಡ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ."

ಗೇಟಿನ ಚಿಲಕ ಹಾಕಿದ ಸದ್ದಾಯಿತು. ನಾಳೆಯಿಂದ ಕೇರಿಯವರೆಲ್ಲ ದೀಕ್ಷಾಳನ್ನು ಯಾವ ಕಣ್ಣಿನಿಂದ ನೋಡುತ್ತಾರೆಂದು ಶಂಕರಮ್ಮನಿಗೆ ತಿಳಿಯಿತು. ನಿಜ ಹೇಳಿದರೂ ಇನ್ನು ಯಾರೂ ನಂಬುವುದಿಲ್ಲ.

"ನೀನಾದ್ರೂ ಅವತ್ತೇ ಅಲ್ಲ ಅಂತ ಹೇಳ್ಬಾರ್ದಿತ್ತಾ ಮಗಾ?" ಎಂದಳು. ತಪ್ಪು ತನ್ನದಾಗಿದ್ದೂ ಅವಳನ್ನು ಕೇಳಿದ್ದಕ್ಕೆ ನಾಚಿಕೆಯಾಯಿತು.

ದೀಕ್ಷಾ ಗೇಟಿನ ಕಡೆ ನೋಡುತ್ತ ಹೇಳಿದಳು.

"ಅವತ್ತು ನಿಮಗೋಸ್ಕರ ಸುಮ್ನಿದ್ದೆ. ಆಮೇಲೆ ಹೂವಿನವಳು ಒಂದು ಮೊಳ ಹೆಚ್ಚು ಕೊಟ್ಟಳು. ಅಂಗಡಿಯವರು ಚೀಲ ಹೊರಬೇಡ ಅಂತ ಮನೆಗೇ ಕಳಿಸಿದ್ರು. ಅಮ್ಮನ ಹತ್ರ ಮಾತ್ರ ಸುಳ್ಳು ಹೇಳಕ್ಕಾಗ್ಲಿಲ್ಲ. ಎಲ್ರೂ ನಿಧಾನ ನಡಿ, ನಿಧಾನ ನಡಿ ಅಂತಿದ್ರು. ನಾನೂ ನಿಧಾನ ನಡೀತಿದ್ದೆ, ಅತ್ತೆ."